ಅಪ್ಪ ಅವಿವಾಹಿತನಾದ ವಾರ

ನನ್ನ ಅಪ್ಪ ಅವಿವಾಹಿತನಾದದ್ದು ಒಂದು ಶನಿವಾರ, ಬೆಳಗಿನ ಹತ್ತೂಕಾಲಿಗೆ, ಅಂಚೆಯ ಮೂಲಕ. ಅದಕ್ಕೆ ಐದು ನಿಮಿಷ ಮುಂಚೆ ಅವನು ಇಪ್ಪತ್ತೆರಡು ವರ್ಷ ಪಳಗಿದ ಗಂಡನಾಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಕಾಳನ್ನು ಎಡಗಡೆಯ ಸಿಪ್ಪೆಬುಟ್ಟಿಗೂ ಸಿಪ್ಪೆಯನ್ನು ಬಲಗಡೆಯ ಪಾತ್ರೆಗೂ ಹಾಕುತ್ತಿದ್ದ ಎಂಬುದನ್ನು ಬಿಟ್ಟರೆ ಸಂಸಾರದಲ್ಲಿ ಹೇಳಿಕೊಳ್ಳುವಂಥ ಕೊರತೆಯೇನೂ ಇರಲಿಲ್ಲ.

ಬಂದದ್ದು ಬೀಗದ ಕಾರ್ಖಾನೆಯ ಕಂದು ಲಕೋಟೆ. ವರ್ಷವಿಡೀ ನಿಮಗೆ ಇಷ್ಟು ಸಂಬಳ ಕೊಟ್ಟೆವು, ಅದರಲ್ಲಿ ಇಷ್ಟು ತೆರಿಗೆ ಹಿಡಿದೆವು ಎಂದು ಕಾರ್ಖಾನೆಯವರು ವರ್ಷಕ್ಕೊಮ್ಮೆ ಕಳಿಸುವ ವೇತನಪತ್ರ. ಬೇರೆಯವರ ಮನೆಯಲ್ಲಿ ಇಂಥ ಕಾಗದವನ್ನು ಡ್ರಾಯರಿಗೆ ತುರುಕುತ್ತಾರೆ. ನಮ್ಮ ಮನೆಯಲ್ಲಿ ಅಪ್ಪ ಅದನ್ನು ನಿಂತುಕೊಂಡು ಓದಬೇಕು, ನಾವು ಕೂತುಕೊಂಡು ಕೇಳಬೇಕು. ಅಜ್ಜಿಯ ಕಥೆಗಳಲ್ಲಿ ಡಂಗುರದವನು ರಾಜಾಜ್ಞೆ ಸಾರುವುದು ಹೀಗೇ ಇರಬೇಕು ಎಂದು ನಾನು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದೆ.

“ವಿಭಾಗ: ಕೀಲಿಕೈ ನಕಲು,” ಎಂದು ಅಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದ. “ಟೋಕನ್ ಸಂಖ್ಯೆ: ನಾನ್ನೂರ ಹನ್ನೆರಡು. ವೈವಾಹಿಕ ಸ್ಥಿತಿ: ಅವಿವಾಹಿತ. ಅವಲಂಬಿತರು: ಇಲ್ಲ. ಒಟ್ಟು ವೇತನ...”

ಒಲೆಯ ಮುಂದೆ ಅಮ್ಮನ ಸೌಟು ನಿಂತಿತು.

“ಸ್ವಲ್ಪ ಹಿಂದೆ ಹೋಗಿ,” ಅಂದಳು.

“ಟೋಕನ್ ಸಂಖ್ಯೆಗಾ?”

“ಅದರ ಮುಂದಿನ ಸಾಲು.”

ಅಪ್ಪ ಮತ್ತೊಮ್ಮೆ ಓದಿದ. ಈ ಸಲ ರಾಜಾಜ್ಞೆ ಅರ್ಧದಲ್ಲೇ ತಪ್ಪೊಪ್ಪಿಗೆಯಾಯಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಅಮ್ಮನ ಅಮ್ಮ, ಕನ್ನಡಕ ತೆಗೆದು ಅಳಿಯನನ್ನು ಹೊಸಬನಂತೆ ನೋಡಿದಳು.

“ಅಳಿಯಂದ್ರೇ, ಹಾಗಾದ್ರೆ ಆವತ್ತು ನಾನು ನಾನ್ನೂರು ಜನಕ್ಕೆ ಊಟ ಹಾಕಿದ್ದು ಯಾರ ಮದುವೆಗೆ?”

“ಅತ್ತೆ, ಇದು ಅವರದ್ದೇ ಏನೋ ತಪ್ಪು...”

“ಕೆಳಗಡೆ ಸಣ್ಣಕ್ಷರದಲ್ಲಿ ಏನಿದೆ ಓದಿ,” ಅಂದಳು ಅಮ್ಮ. ದನಿ ತಣ್ಣಗಿತ್ತು. ಅಮ್ಮ ಕೂಗಾಡಿದರೆ ಭಯವಿಲ್ಲ. ಅಮ್ಮ ತಣ್ಣಗಾದರೆ ಗಡಿಯಾರವೂ ಹುಷಾರಾಗಿ ನಡೆಯುತ್ತದೆ.

ಅಪ್ಪ ಓದಿದ: “ಮೇಲಿನ ವಿವರಗಳು ನೌಕರರು ಸ್ವಂತ ಕೈಬರಹದಲ್ಲಿ ಸಲ್ಲಿಸಿದ ಘೋಷಣಾಪತ್ರದಂತೆ ಇರುತ್ತವೆ.”

ಸ್ವಂತ ಕೈಬರಹ! ಅಪ್ಪನ ಜೀವನದ ಏಕೈಕ ಜಂಭವೇ ಅದು. ಕಾರ್ಖಾನೆಯಲ್ಲಿ ಅವನನ್ನು ಹೆಸರಿನಿಂದ ಕರೆಯುವವರಿಲ್ಲ. ‘ಮುತ್ತಿನಕ್ಷರ’ ಎಂದೇ ಕರೆಯುತ್ತಾರೆ. ನೀರು ಬರುವುದಿಲ್ಲ ಎಂಬ ಸೂಚನೆಯನ್ನು ಅಪ್ಪ ಬರೆದು ಅಂಟಿಸಿದರೆ, ಬಾಯಾರಿದವರೂ ನಿಂತು ‘ಆಹಾ’ ಅನ್ನುತ್ತಾರಂತೆ. ಪ್ರತಿ ವರ್ಷ ಘೋಷಣಾಪತ್ರ ತುಂಬುವ ಕಾಲ ಬಂದಾಗ, ಮದುವೆಯಾಗಿದೆಯೇ, ಹೆಂಡತಿಯ ಹೆಸರೇನು, ಮಕ್ಕಳೆಷ್ಟು ಎಂದೆಲ್ಲ ಹೇಗೆ ಬರೆಯಬೇಕೆಂದು ತೋರಿಸಲು ಒಂದು ಮಾದರಿ ಹಾಳೆ ತುಂಬಿ ಸೂಚನಾಫಲಕಕ್ಕೆ ಚುಚ್ಚುವವನು ಅಪ್ಪನೇ.

“ನೀವೇ ಬರೆದಿದ್ದು ತಾನೇ?” ಅಮ್ಮ ಕೇಳಿದಳು.

“ಬರೆದಿದ್ದು ನೆನಪಿದೆ. ಏನು ಬರೆದೆ ಅನ್ನೋದು ನೆನಪಿಲ್ಲ,” ಅಂದ ಅಪ್ಪ ಪ್ರಾಮಾಣಿಕವಾಗಿ. “ಅಕ್ಷರ ಮಾತ್ರ ತುಂಬಾ ಚೆನ್ನಾಗಿ ಬಂದಿತ್ತು.”

ಇಂಥ ಹೊತ್ತಿನಲ್ಲಿ ಮೇಲ್ಮನೆಯ ನಿವೃತ್ತ ಮೇಷ್ಟ್ರು ಇಳಿದು ಬರದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವರು ಪೇಪರ್ ಕೇಳಲು ಬಂದವರು ವೇತನಪತ್ರವನ್ನೇ ಕೈಗೆತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಬೆಳಕಿಗೆ ಹಿಡಿದು ಓದಿದರು.

“ಮೊಹರಿದೆ. ಸಹಿ ಇದೆ,” ಅಂದರು. “ಅಮ್ಮಾ, ಮೊಹರು ಬಿದ್ದ ಕಾಗದ ಅಂದ್ರೆ ಮೊಹರು ಬಿದ್ದ ಕಾಗದ. ತಿದ್ದೋ ತನಕ ಅದೇ ಸತ್ಯ.”

“ಹೌದಾ ಮೇಷ್ಟ್ರೇ?”

“ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ಹೇಳ್ತಿದ್ದೀನಿ.”

ಅವರು ಪಾಠ ಮಾಡಿದ್ದು ಭೂಗೋಳ. ಅದನ್ನು ನೆನಪಿಸುವಷ್ಟು ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಅಮ್ಮ ಒಳಗೆ ಹೋಗಿ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ, ಪುಟ್ಟ ಸ್ಟೌ ಮತ್ತು ಆರು ಮೊಟ್ಟೆ ತಂದು ಬಾಲ್ಕನಿಯಲ್ಲಿ ಸಾಲಾಗಿ ಇಟ್ಟಳು.

“ಕಾಗದ ತಿದ್ದಿಸ್ಕೊಂಡು ಬನ್ನಿ. ಅಲ್ಲಿ ತನಕ ನೀವು ಅವಿವಾಹಿತರು. ಅವಿವಾಹಿತರು ಅಡುಗೆ ಮಾಡ್ಕೋತಾರೆ, ಬಟ್ಟೆ ಒಗ್ಕೋತಾರೆ.”

“ಅಮ್ಮ, ಹಾಗಾದ್ರೆ ನಾನು?” ಅಂದೆ.

“ನೀನು ಹುಟ್ಟೇ ಇಲ್ಲ. ಸುಮ್ನೆ ಬಟಾಣಿ ಸುಲಿ.”

ಭಾನುವಾರದ ಹೊತ್ತಿಗೆ ಸುದ್ದಿ ಬೀದಿಯಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡುತ್ತಿತ್ತು. ಅಪ್ಪ ಬಾಲ್ಕನಿಯಲ್ಲಿ ಮೊಟ್ಟೆ ಸೀಯಿಸುತ್ತಿದ್ದುದು ಕೆಳಗಿನವರಿಗೆಲ್ಲ ಕಾಣುತ್ತಿತ್ತು. ಕಾಣದವರಿಗೆ ವಾಸನೆ ಬರುತ್ತಿತ್ತು. ಎದುರುಮನೆಯ ಟೈಲರ್ ತನ್ನ ಮಳಿಗೆಯ ಹಿಂದಿನ ಒಂಟಿ ಕೋಣೆ ಖಾಲಿ ಇದೆ, ಅವಿವಾಹಿತರಿಗಾದರೆ ಅಡ್ಡಿಯಿಲ್ಲ ಎಂದು ತಿಳಿಸಿದ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು.

“ನಾನು ಆವತ್ತೇ ಹೇಳಿದ್ದೆ ತಮ್ಮಾ, ಅವಸರ ಮಾಡ್ಬೇಡ ಅಂತ,” ಎಂದಳು ಕೊನೆಗೆ. “ಹೋಗ್ಲಿ ಬಿಡು. ಈಗ್ಲಾದ್ರೂ ನಿಧಾನವಾಗಿ ನೋಡೋಣ.”

ಫೋನು ಸ್ಪೀಕರಿನಲ್ಲಿತ್ತು. ಅಮ್ಮ ಬಂದು ಬಾಲ್ಕನಿಯಲ್ಲಿ ಉಳಿದಿದ್ದ ಮೂರು ಮೊಟ್ಟೆಗಳಲ್ಲಿ ಎರಡನ್ನು ವಾಪಸ್ಸು ತೆಗೆದುಕೊಂಡು ಹೋದಳು.

ಸೋಮವಾರ ಅಪ್ಪ ನನ್ನನ್ನು ಸಾಕ್ಷಿಯಾಗಿ ಕರೆದುಕೊಂಡು ಕಾರ್ಖಾನೆಗೆ ಹೊರಟ. ಕಂಕುಳಲ್ಲಿ ಚೌಕಟ್ಟು ಸಮೇತ ಮದುವೆಯ ಫೋಟೊ. ಅದು ಅಷ್ಟೇನೂ ಗಟ್ಟಿ ಪುರಾವೆಯಲ್ಲ ಎಂದು ನಾನು ಮೊದಲೇ ಎಚ್ಚರಿಸಿದ್ದೆ. ಫೋಟೊಗ್ರಾಫರ್ ಗುಂಡಿ ಒತ್ತಿದ ಕ್ಷಣದಲ್ಲೇ ಅಪ್ಪ ಕಳೆದುಹೋದ ಎಡಗಾಲಿನ ಬೂಟನ್ನು ಹುಡುಕಲು ಬಗ್ಗಿದ್ದ. ಚಿತ್ರದಲ್ಲಿ ಅಮ್ಮ ನಗುತ್ತಿದ್ದಾಳೆ, ಪಕ್ಕದಲ್ಲಿ ಒಂದು ಬೆನ್ನಿದೆ.

ಸಂಬಳ ವಿಭಾಗದ ಮೇಡಂ ಆ ಕುರ್ಚಿಗೆ ಹೊಸಬರು. ಮೇಜಿನ ಮೇಲೆ ಲಕೋಟೆಗಳ ಗುಡ್ಡೆ, ಎದುರಿಗೆ ಕಂಪ್ಯೂಟರ್, ಕಿವಿಯ ಹಿಂದೆ ಎರಡು ಪೆನ್ನು.

“ಇದ್ಯಾರ ಬೆನ್ನು?” ಎಂದು ಕೇಳಿದರು ಫೋಟೊ ನೋಡಿ.

“ನನ್ನದೇ ಮೇಡಂ.”

“ಬೆನ್ನಿಗೆ ಗುರುತಿನ ಚೀಟಿ ಇರಲ್ಲ. ಇವರು ಯಾರು?”

“ನನ್ನ ಮಗಳು.”

ಮೇಡಂ ಪರದೆ ನೋಡಿದರು, ನನ್ನನ್ನು ನೋಡಿದರು. “ಕಾಗದದಲ್ಲಿ ಇಲ್ಲ,” ಅಂದರು, ನನಗೆ ಬೇಜಾರಾಗಬಾರದು ಎನ್ನುವಂತೆ ಮೆಲ್ಲಗೆ. “ಇರಲಿ, ತಿದ್ದೋಣ. ಅದೇನು ದೊಡ್ಡ ವಿಷಯ ಅಲ್ಲ. ನಿಮ್ಮ ಹೆಂಡತಿ ಹೆಸರು, ಹುಟ್ಟಿದ ದಿನ ಹೇಳಿ.”

ಅಪ್ಪ ಹೇಳಿದ. ಮೇಡಂ ಒತ್ತಿದರು. ಪರದೆಯ ಮೇಲೆ ಏನೋ ಬಂತು. ಮೇಡಂ ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದರು. ಅದೇ ಬಂತು.

“ಸರ್,” ಅಂದರು, “ಈ ಹೆಂಡತಿ ಖಾಲಿ ಇಲ್ಲ.”

“ಅಂದ್ರೆ?”

“ಇದೇ ಹೆಸರು, ಇದೇ ಹುಟ್ಟಿದ ದಿನ. ನಿಮ್ಮ ವಿಭಾಗದಲ್ಲೇ ಆಗಲೇ ಹದಿನೇಳು ಜನರ ಹೆಂಡತಿಯಾಗಿ ಇದ್ದಾರೆ. ಪ್ರತಿಯೊಬ್ಬರಿಗೂ ಇಪ್ಪತ್ತು ವರ್ಷದ ಒಬ್ಬಳೇ ಮಗಳು. ಇಡೀ ವಿಭಾಗದಲ್ಲಿ ಮದುವೆಯಾಗದೆ ಉಳಿದಿರೋರು ನೀವೊಬ್ರೇ.”

ಅಪ್ಪ ಕುರ್ಚಿಗಾಗಿ ಹಿಂದೆ ಕೈಚಾಚಿದ. ಅಲ್ಲಿ ಕುರ್ಚಿಯಿರಲಿಲ್ಲ. ನಾನು ಹಿಡಿದುಕೊಂಡೆ. ಹುಟ್ಟೇ ಇಲ್ಲದಿದ್ದ ನನಗೆ ಒಂದೇ ಸಲಕ್ಕೆ ಹದಿನೇಳು ಅಪ್ಪಂದಿರು ಬಂದದ್ದರಿಂದ ನನಗೂ ಸ್ವಲ್ಪ ತಲೆ ಸುತ್ತುತ್ತಿತ್ತು.

ಮೇಡಂ ಕೀಲಿಕೈ ವಿಭಾಗಕ್ಕೆ ಫೋನ್ ಮಾಡಿ ಒಬ್ಬನನ್ನು ಕರೆಸಿದರು. ಬಂದವನು ಯಂತ್ರಗಳಿಗೆ ಎಣ್ಣೆ ಬಿಡುವವನು. ಅವನಿಗೆ ‘ಎಣ್ಣೆಡಬ್ಬಿ’ ಎಂದು ಹೆಸರು, ವಯಸ್ಸು ಇಪ್ಪತ್ತನಾಲ್ಕು, ಕಾಗದದ ಪ್ರಕಾರ ನನ್ನ ತಂದೆ.

“ನಿನಗೆ ಮದುವೆಯಾಗಿದೆಯೇನಪ್ಪ?” ಮೇಡಂ ಕೇಳಿದರು.

“ಇಲ್ಲ ಮೇಡಂ. ಹುಡುಗಿ ಹುಡುಕ್ತಿದ್ದಾರೆ.”

“ಮತ್ತೆ ಘೋಷಣಾಪತ್ರದಲ್ಲಿ ಹೆಂಡತಿ ಇದ್ದಾಳೆ?”

“ಅದು ಮುತ್ತಿನಕ್ಷರ ಅಣ್ಣ ಹಾಕಿದ ಮಾದರೀಲಿತ್ತು. ಅದರ ಮೇಲೆ ‘ಒಂದಕ್ಷರವೂ ಹೆಚ್ಚುಕಡಿಮೆಯಾಗದಂತೆ ನಕಲು ಮಾಡತಕ್ಕದ್ದು’ ಅಂತ ಹೋದ ವರ್ಷ ಹೊಸದಾಗಿ ಅವರೇ ಚೀಟಿ ಅಂಟಿಸಿದ್ರು. ನಮ್ಮ ಹೆಸರು, ಟೋಕನ್ನು ಕಂಪನಿಯವರೇ ಅಚ್ಚು ಹಾಕಿ ಕೊಟ್ಟಿದ್ರು. ಉಳಿದಿದ್ದು ನಕಲು ಮಾಡಿದ್ವಿ.”

“ಇದು ಯಾರ ಹೆಂಡತಿ ಅಂತ ಯಾರೂ ಕೇಳ್ಲಿಲ್ವಾ?”

ಎಣ್ಣೆಡಬ್ಬಿಯ ಮನಸ್ಸಿಗೆ ನೋವಾಯಿತು. “ಮೇಡಂ, ನಮ್ಮದು ಕೀಲಿಕೈ ನಕಲು ವಿಭಾಗ. ಮೂಲ ಕೀಲಿ ಕೊಡ್ತಾರೆ, ಕೂದಲೆಳೆ ವ್ಯತ್ಯಾಸ ಆಗದ ಹಾಗೆ ಇನ್ನೊಂದು ಮಾಡ್ತೀವಿ. ಯಾವ ಮನೆ ಬೀಗ ಅಂತ ಕೇಳೋದು ನಮ್ಮ ಕೆಲಸ ಅಲ್ಲ.”

ಅಷ್ಟು ಹೊತ್ತಿಗೆ ಅಪ್ಪನ ಮುಖದಲ್ಲಿ ಒಂದು ಭಯಂಕರ ಬೆಳಗು ಮೂಡುತ್ತಿತ್ತು. ಹೋದ ವರ್ಷ ಅವನು ಎರಡು ಹಾಳೆ ಕೇಳಿ ಪಡೆದಿದ್ದ. ಒಂದರಲ್ಲಿ ತನ್ನ ನಿಜವಾದ ಘೋಷಣೆ. ಇನ್ನೊಂದರಲ್ಲಿ ಮಾದರಿ, ಎಲ್ಲರಿಗೂ ಸುಲಭವಾಗಲಿ ಎಂದು ಅದರಲ್ಲಿ ‘ಅವಿವಾಹಿತ’, ‘ಇಲ್ಲ’, ‘ಇಲ್ಲ’ ಎಂದು ಬರೆದಿದ್ದ. ಎರಡನ್ನೂ ಶಾಯಿ ಒಣಗಲು ಪಕ್ಕಪಕ್ಕದಲ್ಲಿ ಇಟ್ಟಿದ್ದ. ಮೇಲೆ ಕೆಂಪು ಶಾಯಿಯಲ್ಲಿ ‘ಮಾದರಿ’ ಎಂದು ಬರೆಯಬೇಕೆನ್ನುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು. ಊಟ ಮುಗಿಸಿ ಬಂದವನು ಒಂದನ್ನು ಫಲಕಕ್ಕೆ ಚುಚ್ಚಿ, ಇನ್ನೊಂದನ್ನು ಕಚೇರಿಗೆ ಕೊಟ್ಟಿದ್ದ. ಕಾಳು ಬುಟ್ಟಿಗೆ, ಸಿಪ್ಪೆ ಪಾತ್ರೆಗೆ.

“ಅವರ ಲಕೋಟೆಗಳು ಮನೆಗೆ ಹೋಗಿವೆಯಾ?” ನಾನು ಕೇಳಿದೆ.

ಮೇಡಂ ಲಕೋಟೆಗಳ ಗುಡ್ಡೆಯ ಮೇಲೆ ಕೈಯಿಟ್ಟರು. “ಒಂಟಿಯವರದ್ದು ಮೊದಲು ಕಳಿಸಿದ್ವಿ. ಸಂಸಾರಸ್ಥರದ್ದು ಇವತ್ತು ಸಂಜೆ ಹೋಗ್ಬೇಕಿತ್ತು.”

ಹದಿನೇಳರಲ್ಲಿ ಹನ್ನೊಂದು ಜನಕ್ಕೆ ನಿಜವಾಗಿಯೂ ಮದುವೆಯಾಗಿತ್ತು. ಹನ್ನೊಂದು ಮನೆಗಳ ಬಾಲ್ಕನಿಗೆ ಬರಬೇಕಾಗಿದ್ದ ಹನ್ನೊಂದು ಸ್ಟೌಗಳು ಒಳಗೇ ಉಳಿದವು. ಎಣ್ಣೆಡಬ್ಬಿ ದೇವರಿಗೆ ಕೈಮುಗಿದ, ತನಗೆ ಸಂಬಂಧವಿಲ್ಲದಿದ್ದರೂ.

“ತಿದ್ದುಪಡಿಗೆ ನಾಳೆ ನಾಲ್ಕು ಗಂಟೆಯೇ ಕೊನೆ,” ಎಂದರು ಮೇಡಂ. “ಆಮೇಲೆ ಪಟ್ಟಿ ತೆರಿಗೆ ಕಚೇರಿಗೆ ಹೋಗುತ್ತೆ. ಹೋದ್ರೆ ಇನ್ನೊಂದು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ಹದಿನೇಳು ಜನರಿಂದ ಹೆಂಡತಿ ತೆಗೆದು ಒಬ್ಬರಿಗೆ ಕೊಡ್ಬೇಕು ಅಂದ್ರೆ ನಾನು ನಿಮ್ಮ ಮಾತು ನಂಬೋಕಾಗಲ್ಲ, ಅವರ ಮಾತೂ ನಂಬೋಕಾಗಲ್ಲ. ಆಯಮ್ಮನೇ ಬಂದು, ನಾನು ಇಂಥವರ ಹೆಂಡತಿ ಅಂತ ಎದುರಿಗೆ ತೋರಿಸಿ ಸಹಿ ಹಾಕ್ಬೇಕು.”

ಇನ್ನೊಂದು ವರ್ಷ! ದಾರಿಯುದ್ದಕ್ಕೂ ಅಪ್ಪ ಬೆರಳು ಮಡಿಚಿ ಮೊಟ್ಟೆಗಳ ಲೆಕ್ಕ ಹಾಕಿದ.

ಸಂಜೆ ಬಾಲ್ಕನಿಯ ಬಾಗಿಲಲ್ಲಿ ನಿಂತು ಅವನು ಎಲ್ಲವನ್ನೂ ಅಮ್ಮನಿಗೆ ಹೇಳಿದ. ಅಮ್ಮ ಬಟ್ಟೆ ಮಡಿಚುತ್ತ ಕೇಳಿದಳು.

“ಹದಿನೇಳು ಜನ,” ಅಂದಳು.

“ಹೌದು.”

“ಅದರಲ್ಲಿ ಒಬ್ಬರಾದ್ರೂ ಸರಿಯಾಗಿ ಬಟಾಣಿ ಸುಲೀತಾರಾ?”

“ಅದು... ವಿಚಾರಿಸಿಲ್ಲ.”

“ನಾನು ಬರಲ್ಲ. ಮದುವೆಯಾಗದ ಗಂಡಸಿನ ಜೊತೆ ಬೀದೀಲಿ ನಡ್ಕೊಂಡು ಹೋದ್ರೆ ಜನ ಏನಂತಾರೆ?”

ಅಪ್ಪ ಮೇಲ್ಮನೆಗೆ ಓಡಿದ. ಮೇಷ್ಟ್ರನ್ನು ಕೇಳಿದರೆ ಅವರೂ ಇದು ನ್ಯಾಯವಾದ ಆಕ್ಷೇಪಣೆ ಎಂದರು. ಕೊನೆಗೆ ಬಾಯಿ ಬಿಟ್ಟವಳು ಅಜ್ಜಿ.

“ಒಬ್ಬ ರಾಜಕುಮಾರಿ ಇದ್ಳಂತೆ,” ಎಂದು ಶುರುಮಾಡಿದಳು, ಯಾರೂ ಕೇಳದೆ. “ಅವಳ ಗಂಡನನ್ನ ಮಾಟಗಾತಿ ಕನ್ನಡಿ ಮುಂದೆ ನಿಲ್ಲಿಸಿ ಏಳು ಜನ ಮಾಡಿಬಿಟ್ಳಂತೆ. ಏಳೂ ಜನಕ್ಕೆ ಒಂದೇ ಮೂಗು, ಒಂದೇ ಮೀಸೆ. ಸಂಜೆಯೊಳಗೆ ನಿಜವಾದವನನ್ನ ಹೇಳದಿದ್ರೆ ಏಳೂ ಜನ ಕಲ್ಲಾಗ್ತಾರೆ. ಆಗ ರಾಜಕುಮಾರಿ ಒಂದು ಚಿಟ್ಟೆ ಹಾರಿಸಿದ್ಳು. ಅದು ಹೋಗಿ ಒಬ್ಬನ ಮೂಗಿನ ಮೇಲೆ ಕೂತ್ಕೊಂತು.”

“ಹೋಗ್ದೇ ಇದ್ದಿದ್ರೆ?” ಅಮ್ಮ ಕೇಳಿದಳು.

“ಹೋಗ್ದೇ ಇದ್ದಿದ್ರೆ ಕಲ್ಲು. ಕಲ್ಲು ಮೊಟ್ಟೆನೂ ಸೀಯಿಸಲ್ಲ.”

ಅಮ್ಮ ಮಡಿಚಿದ ಅಂಗಿಯನ್ನು ಬಿಚ್ಚಿ ಮತ್ತೊಮ್ಮೆ ಮಡಿಚಿದಳು. ಅದು ಅಪ್ಪನ ಅಂಗಿ.

ಮಂಗಳವಾರ ಮಧ್ಯಾಹ್ನ ನಾವು ಹೊರಟೆವು. ಅಪ್ಪ ರಸ್ತೆಯ ಎಡಗಡೆಯ ಕಾಲುದಾರಿಯಲ್ಲಿ, ಅಮ್ಮ ಬಲಗಡೆಯಲ್ಲಿ. ಅಮ್ಮನ ಮಾನ ಕಾಯಲು ಅಜ್ಜಿ. ಅಪ್ಪ ದಾರಿ ತಪ್ಪದಂತೆ ಕಾಯಲು ನಾನು. ಎರಡೂ ಕಡೆಯ ಅಂಗಡಿಯವರು ಹೊರಗೆ ಬಂದು ನಿಂತರು. ರಸ್ತೆ ದಾಟಬೇಕಾದ ಕಡೆ ಅಪ್ಪ ದಾಟಿ ಆಚೆ ಹೋದ, ಅಮ್ಮ ದಾಟಿ ಈಚೆ ಬಂದಳು. ಇಬ್ಬರೂ ನಡುವಿನಲ್ಲಿ ಎದುರಾದಾಗ ಅಪ್ಪ ಅಭ್ಯಾಸಬಲದಿಂದ ಅವಳ ಕೈಚೀಲಕ್ಕೆ ಕೈಹಾಕಿದ.

“ರೀ ಮಿಸ್ಟರ್,” ಅಂದಳು ಅಮ್ಮ. “ನಿಮ್ಮ ಪರಿಚಯ ನನಗಿಲ್ಲ.”

ಕೀಲಿಕೈ ವಿಭಾಗದ ಗೋಡೆಗೆ ಬೆನ್ನುಕೊಟ್ಟು ಹದಿನೇಳು ಜನ ನೀಲಿ ಸಮವಸ್ತ್ರದಲ್ಲಿ ನಿಂತಿದ್ದರು. ಮೇಡಂ ಅಪ್ಪನಿಗೂ ಒಂದು ನೀಲಿ ಕೋಟು ಹಾಕಿಸಿ ಸಾಲಿನ ನಡುವೆ ನಿಲ್ಲಿಸಿದರು. ಕಾನೂನು ಅಂದರೆ ಕಾನೂನು. ಯಂತ್ರಗಳು ನಿಂತವು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

“ಅಮ್ಮಾ, ನಿಧಾನವಾಗಿ ನೋಡಿ,” ಅಂದರು ಮೇಡಂ. “ಅವಸರ ಇಲ್ಲ. ಅರ್ಧ ಗಂಟೆ ಇದೆ.”

ಅಮ್ಮ ಸಾಲಿನ ತುದಿಯಿಂದ ಹೊರಟಳು. ಒಬ್ಬೊಬ್ಬರ ಮುಂದೆಯೂ ನಿಂತು, ತರಕಾರಿ ಆರಿಸುವವಳಂತೆ ಮೇಲಿಂದ ಕೆಳಗೆ ನೋಡಿದಳು. ಗಂಡಸರು ಹೊಟ್ಟೆ ಒಳಗೆಳೆದುಕೊಂಡರು. ಎಣ್ಣೆಡಬ್ಬಿಯ ಮುಂದೆ ನಿಂತಾಗ ಅವನು ಅಳುವ ಹಾಗಾಗಿ, “ಅತ್ತಿಗೆ, ನಾನಲ್ಲ, ನನಗೆ ಮುಂದಿನ ತಿಂಗಳು ಹುಡುಗಿ ನೋಡೋದಿದೆ,” ಅಂದ.

“ಹೆದರ್ಬೇಡಪ್ಪ, ನಿನ್ನನ್ನ ಬಿಟ್ಟಿದ್ದೀನಿ,” ಅಂದು ಅಮ್ಮ ಮುಂದೆ ಹೋದಳು.

ಅಪ್ಪನನ್ನೂ ದಾಟಿದಳು.

ಅಪ್ಪ ಕಣ್ಣು ಮುಚ್ಚಿದ. ಅಮ್ಮ ಸಾಲಿನ ಕೊನೆಯವರೆಗೂ ನಡೆದು, ಅಲ್ಲಿದ್ದ ಸೂಚನಾಫಲಕದ ಮುಂದೆ ನಿಂತಳು. ಬೆಂಕಿ ಬಿದ್ದಾಗ ಏನು ಮಾಡಬೇಕು ಎಂಬ ಸೂಚನೆಯ ಕೆಳಗಿಂದ, ಒಂದು ವರ್ಷದ ಧೂಳು ಕುಡಿದು ಹಳದಿಯಾಗಿದ್ದ ಒಂದು ಹಾಳೆಯ ಮೂಲೆ ಇಣುಕುತ್ತಿತ್ತು. ಅಮ್ಮ ಮೊಳೆ ತೆಗೆದು ಅದನ್ನು ಕೈಗೆತ್ತಿಕೊಂಡಳು. ವೈವಾಹಿಕ ಸ್ಥಿತಿ: ವಿವಾಹಿತ. ಅದರ ಕೆಳಗೆ ಅಮ್ಮನ ಹೆಸರು. ಉಳಿದ ಅಕ್ಷರಗಳೆಲ್ಲ ಮುತ್ತಾದರೆ, ಆ ಹೆಸರೊಂದಕ್ಕೆ ಅಪ್ಪ ಬಳ್ಳಿ, ಎಲೆ, ಸುಳಿ ಎಲ್ಲ ಬಿಡಿಸಿದ್ದ. ತೆರಿಗೆಯ ಕಾಗದದಲ್ಲಿ ಅಂಥ ಹೆಸರನ್ನು ಯಾರೂ ಬರೆದಿರಲಾರರು.

“ಇದನ್ನ ಯಾಕೆ ಫಲಕಕ್ಕೆ ಚುಚ್ಚಿದ್ರಿ?” ಅಮ್ಮ ತಿರುಗದೆಯೇ ಕೇಳಿದಳು. “ಆ ಇನ್ನೊಂದನ್ನ ಯಾಕೆ ಚುಚ್ಚಲಿಲ್ಲ?”

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ, “ಇದು ಚೆನ್ನಾಗಿ ಬಂದಿತ್ತು. ಎಲ್ರೂ ನೋಡ್ಲಿ ಅಂತ.”

ಅಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡು ಸಾಲಿನ ನಡುವಿಗೆ ವಾಪಸ್ಸು ಬಂದಳು.

“ಮೇಡಂ, ಬರ್ಕೊಳ್ಳಿ,” ಅಂದಳು. “ಕೋಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ, ತೋಳಿನ ಮೇಲೆ ಮೊಟ್ಟೆ ಕಲೆ, ಎಡಗಾಲಿಗೆ ಕಪ್ಪು ಬೂಟು, ಬಲಗಾಲಿಗೆ ಕಂದು ಬೂಟು. ಇದು ನಂದು. ಬೇರೆ ಯಾರಿಗೂ ಇದರ ಮೇಲೆ ಹಕ್ಕಿಲ್ಲ, ಬೇರೆ ಯಾರಿಗೂ ಇದು ಬೇಕಾಗೂ ಇಲ್ಲ.”

ಅಜ್ಜಿ ನನ್ನ ಕಿವಿಯಲ್ಲಿ, “ಚಿಟ್ಟೆ ಬೇಕಾಗ್ಲಿಲ್ಲ ನೋಡು,” ಅಂದಳು.

ಮೂರೂ ಐವತ್ತೆರಡಕ್ಕೆ ಮುದ್ರಣಯಂತ್ರ ಕೆಮ್ಮಿ ತಿದ್ದಿದ ವೇತನಪತ್ರವನ್ನು ಹೊರಹಾಕಿತು. ಮೇಡಂ ಮೊಹರು ಒತ್ತಿದ ಸದ್ದಿಗೆ ಹದಿನೇಳು ಜನ ಚಪ್ಪಾಳೆ ತಟ್ಟಿದರು. ಅಪ್ಪ ಆ ಕಾಗದವನ್ನು ಅಲ್ಲೇ ನಿಂತು ಗಟ್ಟಿಯಾಗಿ ಓದಿದ. ‘ವಿವಾಹಿತ’ ಎಂಬುದನ್ನು ಎರಡು ಸಲ ಓದಿದ. ಅವಲಂಬಿತರ ಸಾಲಿನಲ್ಲಿ ನಾನು ಮತ್ತೆ ಹುಟ್ಟಿದೆ.

ಹೊರಡುವಾಗ ವಿಭಾಗದ ಹಿರಿಯನೊಬ್ಬ ತಲೆ ಕೆರೆದುಕೊಂಡು ಅಡ್ಡ ಬಂದ. “ಅತ್ತಿಗೆ, ಈ ವರ್ಷದ ಘೋಷಣೆನೂ ಈ ವಾರವೇ ಕೊಡ್ಬೇಕು. ಮಾದರಿ...”

“ಇವರು ಬರೆಯಲ್ಲ. ನಾನು ಬರ್ಕೊಡ್ತೀನಿ,” ಅಂದಳು ಅಮ್ಮ. ಅಮ್ಮನದು ಕಾಗೆಕಾಲಿನ ಅಕ್ಷರ. ಒಂದು ಖಾಲಿ ಹಾಳೆ ತೆಗೆದುಕೊಂಡು, ಹೆಂಡತಿಯ ಹೆಸರು ಬರೆಯುವ ಜಾಗದಲ್ಲಿ ದಪ್ಪಗೆ, ‘ಮನೆಯಲ್ಲಿ ಕೇಳಿ ಬರೆಯಿರಿ’ ಎಂದು ಬರೆದು ಫಲಕಕ್ಕೆ ಚುಚ್ಚಿದಳು. ಮನೆಯ ಘೋಷಣಾಪತ್ರವನ್ನೂ ಅವಳೇ ತುಂಬಿ, ಅಪ್ಪನ ಸಹಿ ಮಾತ್ರ ಹಾಕಿಸಿ ಮೇಡಂ ಕೈಗೆ ಕೊಟ್ಟಳು. ವಾಪಸ್ಸು ಬರುವಾಗ ಎಲ್ಲರೂ ಒಂದೇ ಕಾಲುದಾರಿಯಲ್ಲಿ ಬಂದೆವು. ಕೈಚೀಲ ಅಪ್ಪನ ಕೈಯಲ್ಲಿತ್ತು. ಮೇಷ್ಟ್ರು ಮೆಟ್ಟಿಲ ಮೇಲೇ ಮೊಹರನ್ನು ಬೆಳಕಿಗೆ ಹಿಡಿದು ನೋಡಿ, “ಈಗ ಸತ್ಯ,” ಎಂದು ತೀರ್ಪು ಕೊಟ್ಟರು. ಬಾಲ್ಕನಿಯ ತಟ್ಟೆ, ಲೋಟ, ಚಮಚ ಒಳಗೆ ಬಂದವು. ಸ್ಟೌವನ್ನು ಮಾತ್ರ ಅಮ್ಮ ಕೈಗೆ ಸಿಗುವ ಜಾಗದಲ್ಲೇ ಇಟ್ಟಳು.

ಮತ್ತೆ ಶನಿವಾರ. ಬೆಳಗಿನ ಹತ್ತೂಕಾಲು. ಅಪ್ಪ ಹೊಸ್ತಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಫೋನು ಹೊಡೆದುಕೊಂಡಿತು. ಸಂಬಳ ವಿಭಾಗದ ಮೇಡಂ.

“ಅಮ್ಮಾ,” ಅಂದರು, ದಣಿದ ದನಿಯಲ್ಲಿ. “ಹದಿನೇಳು ಘೋಷಣಾಪತ್ರ ಬಂದಿವೆ. ಹದಿನೇಳರಲ್ಲೂ ಹೆಂಡತಿಯ ಹೆಸರು, ‘ಮನೆಯಲ್ಲಿ ಕೇಳಿ ಬರೆಯಿರಿ’.”

ಅಮ್ಮ ಒಂದು ಕ್ಷಣ ಗೋಡೆಗೆ ಒರಗಿದಳು. ಆಮೇಲೆ ಕೇಳಿದಳು, “ನಮ್ಮದು?”

“ನಿಮ್ಮದು ಸರಿಯಾಗಿದೆ.”

ಅಮ್ಮ ಫೋನು ಇಟ್ಟು ಬಂದಳು. ಅಪ್ಪ ತಲೆಯೆತ್ತಿ, “ಯಾರು?” ಅಂದ. ಕಾಳು ಎಡಗಡೆಯ ಬುಟ್ಟಿಗೆ, ಸಿಪ್ಪೆ ಬಲಗಡೆಯ ಪಾತ್ರೆಗೆ ಬೀಳುತ್ತಿದ್ದವು.

ಅಮ್ಮ ಪಾತ್ರೆಯನ್ನೆತ್ತಿ ಎಡಕ್ಕೆ, ಬುಟ್ಟಿಯನ್ನೆತ್ತಿ ಬಲಕ್ಕೆ ಇಟ್ಟು, ಒಲೆಯ ಕಡೆಗೆ ಹೋದಳು.